ಬೇಸ್‌ಬಾಲ್‌ನಲ್ಲಿ ಯಾರು ಗೆಲ್ಲುತ್ತಾರೆ? ಮೊದಲು ಚೆಂಡು ಎಸೆಯುವವನನ್ನು ನೋಡಿ

ನನ್ನ ಕೆಲಸ ನವಿ ಮುಂಬೈಯ ಐರೋಲಿಯಲ್ಲಿ, ಆದರೆ ಗಡಿಯಾರ ಅಮೆರಿಕದ್ದು. ಸಂಜೆ ಆರೂವರೆಗೆ ಕೂತರೆ ಬೆಳಗಿನ ಜಾವ ಮೂರೂವರೆಗೆ ಏಳುವುದು. ಕ್ಯಾಬ್ ಡೊಂಬಿವಲಿಯ ಮನೆಯ ಹತ್ತಿರ ಇಳಿಸುವಾಗ ನಾಲ್ಕೂಕಾಲು ಆಗಿರುತ್ತದೆ, ಕೈಕಾಲು ತೊಳೆದು ಕೂತರೆ ನಿದ್ದೆ ಬರುವುದಿಲ್ಲ, ಟೀವಿಯಲ್ಲಿ ಆ ಹೊತ್ತಿಗೆ ಬೇರೆ ಏನೂ ಇರುವುದಿಲ್ಲ. ನ್ಯೂಯಾರ್ಕ್‌ನಲ್ಲಿ ಸಂಜೆ 7.05ಕ್ಕೆ ಶುರುವಾಗುವ ಬೇಸ್‌ಬಾಲ್ ಆಟ ನಮ್ಮಲ್ಲಿ ಬೆಳಗ್ಗೆ 4.35ಕ್ಕೆ. ಹೀಗೆ ಹಿಡಿದ ಹುಚ್ಚು ಇದು. ಆರು ವರ್ಷ ಆಯಿತು.

ಈಗ ನಾವು ಐದು ಜನ ಇದ್ದೇವೆ. ನಾಲ್ವರು ಉಡುಪಿ, ಕುಂದಾಪುರದ ಕಡೆಯವರು, ಒಬ್ಬರು ಧಾರವಾಡದವರು. ತಿಂಗಳಿಡೀ ಬಾಜಿ ಕಟ್ಟುತ್ತೇವೆ, ಕೊನೆಯ ಭಾನುವಾರ ಬೆಳಗ್ಗೆ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಸೇರುತ್ತೇವೆ, ಸೋತವರು ಎಲ್ಲರ ಇಡ್ಲಿ, ಬನ್ಸ್, ಕಾಫಿಯ ಬಿಲ್ಲು ಕೊಡಬೇಕು. ಅಷ್ಟೇ ಪಣ. ಹೊಸದಾಗಿ ಸೇರಲು ಬಯಸುವವರು ಪದೇ ಪದೇ ಕೇಳುವ ಪ್ರಶ್ನೆ ಒಂದೇ: ಯಾರು ಗೆಲ್ಲುತ್ತಾರೆ ಅಂತ ಹೇಗೆ ಹೇಳುತ್ತೀರಿ? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾವು ದುಡ್ಡು ಕಟ್ಟುವುದಿಲ್ಲ. ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿಸಿ ಆಡಿಸುವುದನ್ನು, ಅದರ ಜಾಹೀರಾತನ್ನು, ಅದಕ್ಕೆ ಬ್ಯಾಂಕು ದುಡ್ಡು ಸಾಗಿಸುವುದನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು ನಿಷೇಧಿಸಿದೆ. ಕಾನೂನಿನ ಮಾತು ಹಾಗಿರಲಿ. ಶಿಫ್ಟ್‌ನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗ ತಂಗಿಯ ಮದುವೆಗೆ ಕೂಡಿಟ್ಟ ದುಡ್ಡನ್ನು ಒಂದು ಆ್ಯಪ್‌ನಲ್ಲಿ ಕ್ರಿಕೆಟ್ ಮೇಲೆ ಕಟ್ಟಿ ಕಟ್ಟಿ ಕಳೆದುಕೊಂಡ. ಮೂರು ತಿಂಗಳು ಅವನು ಯಾರ ಮುಖವನ್ನೂ ನೋಡಿ ಮಾತಾಡಲಿಲ್ಲ. ಅದನ್ನು ಕಂಡ ಮೇಲೆ ನನಗೆ ಇಡ್ಲಿಯ ಬಿಲ್ಲಿಗಿಂತ ದೊಡ್ಡ ಪಣ ಬೇಡ ಅನಿಸಿದೆ. ಸಾಮಾನ್ಯರ ಕಥೆ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಬೇಸ್‌ಬಾಲ್‌ನ ದೊಡ್ಡ ತಾರೆ ಶೊಹೈ ಒಟಾನಿಯ ದುಭಾಷಿಯಾಗಿದ್ದ ಇಪ್ಪೆ ಮಿಜುಹಾರ ಬಾಜಿಯ ಸಾಲ ತೀರಿಸಲು ಒಟಾನಿಯ ಖಾತೆಯಿಂದಲೇ ಸುಮಾರು 1.7 ಕೋಟಿ ಡಾಲರ್ ಕದ್ದ, 2025ರಲ್ಲಿ ಅವನಿಗೆ 57 ತಿಂಗಳ ಜೈಲು ಶಿಕ್ಷೆಯಾಯಿತು.

ನ್ಯೂಯಾರ್ಕ್‌ನಿಂದ ಬರುವ ಅಂಕಿಗೆ ಕಾಯುವುದು ಮುಂಬೈಗೆ ಹೊಸದೇನಲ್ಲ. ಮಟ್ಕಾ ಹುಟ್ಟಿದ್ದೇ ಹಾಗೆ. ನ್ಯೂಯಾರ್ಕ್ ಹತ್ತಿ ಮಾರುಕಟ್ಟೆಯ ದರ ಟೆಲಿಪ್ರಿಂಟರ್‌ನಲ್ಲಿ ಇಲ್ಲಿಗೆ ಬರುತ್ತಿತ್ತು, ಶುರುವಿನ ದರ ಎಷ್ಟು, ಮುಗಿದ ದರ ಎಷ್ಟು ಅಂತ ಜನ ಬಾಜಿ ಕಟ್ಟುತ್ತಿದ್ದರು. 1960ರ ದಶಕದಲ್ಲಿ ಆ ಅಂಕಿ ನಿಂತುಹೋದ ಮೇಲೆ ಮಡಕೆಯಿಂದ ಚೀಟಿ ಎತ್ತುವುದು ಶುರುವಾಯಿತು. ಚೀಟಿಯಲ್ಲಿ ಓದಿ ತಿಳಿಯುವಂಥದ್ದು ಏನೂ ಇಲ್ಲ. ಬೇಸ್‌ಬಾಲ್‌ನಲ್ಲಿ ಇದೆ, ತುಂಬಾ ಇದೆ, ಅದೇ ನನಗೆ ಇದರ ರುಚಿ.

ಮೊದಲು ಕ್ರಿಕೆಟ್ ತಲೆಯಿಂದ ಹೊರಗೆ ಬನ್ನಿ

ನಾವೆಲ್ಲ ಕ್ರಿಕೆಟ್ ನೋಡಿ ಬೆಳೆದವರು. ಬಲವಾದ ತಂಡ, ದುರ್ಬಲ ತಂಡ ಆಡಿದರೆ ಬಲವಾದದ್ದೇ ಗೆಲ್ಲುತ್ತದೆ ಅನ್ನುವುದು ನಮ್ಮ ರಕ್ತದಲ್ಲಿದೆ. ಬೇಸ್‌ಬಾಲ್ ಹಾಗಲ್ಲ. ಅಮೆರಿಕದ ದೊಡ್ಡ ಲೀಗ್‌ನಲ್ಲಿ 30 ತಂಡ, ಒಂದೊಂದು ತಂಡಕ್ಕೆ ವರ್ಷಕ್ಕೆ 162 ಆಟ. ಒಳ್ಳೆಯ ತಂಡ ಅಂದರೆ ನೂರಕ್ಕೆ 58, 60 ಗೆಲ್ಲುವುದು. 2024ರಲ್ಲಿ ಶಿಕಾಗೊ ವೈಟ್ ಸಾಕ್ಸ್ 121 ಆಟ ಸೋತಿತು, 1900ರ ನಂತರ ಅಷ್ಟು ಸೋತ ತಂಡ ಇನ್ನೊಂದಿರಲಿಲ್ಲ. ಆ ತಂಡವೂ 41 ಆಟ ಗೆದ್ದಿತು. ಅಂದರೆ ಅಷ್ಟು ಕೆಟ್ಟ ತಂಡದ ವಿರುದ್ಧ ಕಣ್ಣು ಮುಚ್ಚಿ ಬರೆದಿದ್ದರೂ ನಾಲ್ಕರಲ್ಲಿ ಒಂದು ಸಲ ನೀವು ತಪ್ಪು.

ಹಾಗಾಗಿ ‘ಇವರೇ ಗೆಲ್ಲುತ್ತಾರೆ’ ಅನ್ನುವ ಮಾತು ಇಲ್ಲಿ ಅರ್ಧ ಮಾತು. ‘ಇವರು ನೂರಕ್ಕೆ 57 ಗೆಲ್ಲುತ್ತಾರೆ’ ಅಂದರೆ ಪೂರ್ತಿ ಮಾತು. ಶುರುವಿನಲ್ಲಿ ಇದು ಕಷ್ಟ. ನನಗೂ ಒಂದು ಸೀಸನ್ ಪೂರ್ತಿ ಬೇಕಾಯಿತು. ಆದರೆ ಈ ಅಭ್ಯಾಸ ಬರದಿದ್ದರೆ ಕೆಳಗೆ ಹೇಳುವ ಯಾವುದೂ ಉಪಯೋಗಕ್ಕೆ ಬರುವುದಿಲ್ಲ.

ಇವತ್ತು ಎಸೆಯುವವನು ಯಾರು

ಕ್ರಿಕೆಟ್‌ನಲ್ಲಿ ಐದಾರು ಬೌಲರ್‌ಗಳು ಹಂಚಿಕೊಂಡು ಹಾಕುತ್ತಾರೆ. ಇಲ್ಲಿ ಒಂದು ಆಟಕ್ಕೆ ಒಂಬತ್ತು ಇನ್ನಿಂಗ್ಸ್, ಒಂದೊಂದರಲ್ಲೂ ಒಂದೊಂದು ತಂಡಕ್ಕೆ ಮೂರು ಔಟ್. ಒಬ್ಬನೇ ಪಿಚರ್, ಅಂದರೆ ಚೆಂಡು ಎಸೆಯುವವನು, ಆಟ ಶುರು ಮಾಡಿ ಐದು, ಆರು ಇನ್ನಿಂಗ್ಸ್ ತನಕ ಒಂದೊಂದು ಚೆಂಡನ್ನೂ ತಾನೇ ಎಸೆಯುತ್ತಾನೆ. ಇವನಿಗೆ ಸ್ಟಾರ್ಟರ್ ಅನ್ನುತ್ತಾರೆ. ಭುಜಕ್ಕೆ ವಿಶ್ರಾಂತಿ ಬೇಕು, ಆದ್ದರಿಂದ ಒಂದೊಂದು ತಂಡದಲ್ಲಿ ಐದು ಸ್ಟಾರ್ಟರ್‌ಗಳು ಸರದಿಯಂತೆ ಬರುತ್ತಾರೆ. ಇದರ ಅರ್ಥ ಏನು ಅಂದರೆ, ನಿನ್ನೆ ಆಡಿದ ಡಾಜರ್ಸ್ ತಂಡ ಬೇರೆ, ಇವತ್ತು ಆಡುವ ಡಾಜರ್ಸ್ ತಂಡ ಬೇರೆ. ಹೆಸರು, ಅಂಗಿ, ಬ್ಯಾಟ್ ಬೀಸುವವರು ಅವರೇ. ಎಸೆಯುವವನು ಬದಲಾದರೆ ಗೆಲ್ಲುವ ಸಾಧ್ಯತೆ ನೂರಕ್ಕೆ ಹತ್ತು ಹದಿನೈದರಷ್ಟು ಆಚೀಚೆ ಆಗಬಹುದು. ಈ ಆಟದಲ್ಲಿ ತಂಡದ ಹೆಸರು ನೋಡಿ ಬರೆಯುವವರು ಸೋಲುವುದು ಇಲ್ಲೇ.

ನಮ್ಮ ಭಾವ ಹಾಗೆ ಸೋತವರು. ಫ್ಯಾಷನ್ ಸ್ಟ್ರೀಟ್‌ನಲ್ಲಿ ಕೊಂಡ ನ್ಯೂಯಾರ್ಕ್ ಯಾಂಕೀಸ್ ಟೋಪಿ ಅವರ ತಲೆ ಮೇಲೆ ಯಾವಾಗಲೂ ಇರುತ್ತದೆ, ಯಾಂಕೀಸ್ ಆಡುವ ದಿನ ಯಾರು ಎಸೆಯುತ್ತಾರೆ ಅಂತ ಕೇಳದೆ ‘ನೂರಕ್ಕೆ 80’ ಅಂತ ಬರೆಯುತ್ತಿದ್ದರು. ಅವರ ಲೆಕ್ಕ ಏನಾಯಿತು ಅಂತ ಮುಂದೆ ಹೇಳುತ್ತೇನೆ.

ಪಿಚರ್ ಒಳ್ಳೆಯವನೋ ಅಲ್ಲವೋ ಅಂತ ತಿಳಿಯುವುದು ಹೇಗೆ? ಅವನ ಹೆಸರಿನ ಮುಂದೆ ಮೊದಲು ಕಾಣುವುದು ಗೆಲುವು ಸೋಲಿನ ಲೆಕ್ಕ, 12 ಗೆಲುವು 5 ಸೋಲು ಅನ್ನುವ ಥರ. ಅದನ್ನು ನೋಡಲೇಬೇಡಿ. ಅವನು ಎಷ್ಟು ಚೆನ್ನಾಗಿ ಎಸೆದರೂ ಅವನ ಕಡೆಯವರು ರನ್ ಹೊಡೆಯದಿದ್ದರೆ ಸೋಲು ಅವನ ಹೆಸರಿಗೆ. 2018ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡದ ಜೇಕಬ್ ಡಿಗ್ರಾಂ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ 1.70 ರನ್ ಮಾತ್ರ ಬಿಟ್ಟ. ಅದು ಅಪರೂಪದ ಸಾಧನೆ, ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಆ ವರ್ಷ ಅವನಿಗೇ ಬಂತು. ಅವನ ಹೆಸರಿಗೆ ಸಿಕ್ಕ ಗೆಲುವು ಬರೀ 10, ಸೋಲು 9. ಅವನು ಶುರು ಮಾಡಿದ 32 ಆಟಗಳಲ್ಲಿ ಅವನ ತಂಡ 18 ಸೋತಿತು. ಈ ಒಂದು ಸಾಲನ್ನು ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಲೋಕದ ಅತ್ಯುತ್ತಮ ಪಿಚರ್ ಎಸೆಯುತ್ತಿದ್ದಾನೆ ಅಂತ ನೂರಕ್ಕೆ 75 ಬರೆಯಲು ಕೈ ಹೋದಾಗ ತೆಗೆದು ಓದಿ.

ಗೆಲುವು ಸೋಲು ಬಿಟ್ಟರೆ ಮುಂದಿನದು ಇಆರ್‌ಎ. ಫೀಲ್ಡರ್‌ಗಳ ತಪ್ಪಿನಿಂದ ಬಂದದ್ದನ್ನು ಬಿಟ್ಟು ಪಿಚರ್ ಕೊಟ್ಟ ಉಳಿದ ರನ್‌ಗಳನ್ನು ಒಂಬತ್ತರಿಂದ ಗುಣಿಸಿ, ಅವನು ಎಸೆದ ಇನ್ನಿಂಗ್ಸ್‌ನಿಂದ ಭಾಗಿಸಿದರೆ ಬರುವ ಸಂಖ್ಯೆ. 150 ಇನ್ನಿಂಗ್ಸ್‌ನಲ್ಲಿ 60 ರನ್ ಬಿಟ್ಟಿದ್ದರೆ 3.60. ಲೀಗ್‌ನ ಸರಾಸರಿ 4ರ ಆಸುಪಾಸಿನಲ್ಲಿ ಇರುತ್ತದೆ, ಆದ್ದರಿಂದ 3.60 ಚೆನ್ನಾಗಿದೆ, 5 ಕೆಟ್ಟದ್ದು. ಒಂದು ಚಿಕ್ಕ ಎಚ್ಚರ: ಇನ್ನಿಂಗ್ಸ್ 150.1 ಅಂತ ಬರೆದಿದ್ದರೆ ಅದು ದಶಮಾಂಶ ಅಲ್ಲ, ನೂರೈವತ್ತು ಮತ್ತು ಮೂರನೇ ಒಂದು ಭಾಗ. ಕ್ರಿಕೆಟ್‌ನ ಓವರ್ ಲೆಕ್ಕದ ಹಾಗೆ.

ಇಆರ್‌ಎಯಲ್ಲೂ ಅದೃಷ್ಟ ಬೆರೆತಿರುತ್ತದೆ. ಬ್ಯಾಟಿಗೆ ತಗುಲಿ ಮೈದಾನದೊಳಗೆ ಬಿದ್ದ ಚೆಂಡು ಹಿಟ್ (ಬ್ಯಾಟರ್ ಔಟಾಗದೆ ಬೇಸ್ ತಲುಪುವುದು) ಆಗುವುದೋ ಔಟ್ ಆಗುವುದೋ ಅನ್ನುವುದು ಫೀಲ್ಡರ್ ಎಲ್ಲಿ ನಿಂತಿದ್ದ ಅನ್ನುವುದರ ಮೇಲೆ ಇರುತ್ತದೆ. ಸುಮಾರಾಗಿ ಹತ್ತರಲ್ಲಿ ಮೂರು ಹಿಟ್ ಆಗುತ್ತವೆ. ಒಬ್ಬ ಪಿಚರ್‌ಗೆ ಎರಡು ತಿಂಗಳು ಹತ್ತರಲ್ಲಿ ಎರಡೇ ಹಿಟ್ ಆಗುತ್ತಿದ್ದರೆ ಅವನ ಇಆರ್‌ಎ ಮಿಂಚುತ್ತಿರುತ್ತದೆ, ಆಮೇಲೆ ದಿಢೀರ್ ಅಂತ ಏರುತ್ತದೆ. ಅದಕ್ಕೆ ನಾನು ಮೊದಲು ನೋಡುವುದು ಎಫ್‌ಐಪಿ. ಫೀಲ್ಡರ್‌ಗೆ ಸಂಬಂಧವೇ ಇಲ್ಲದ ಸ್ಟ್ರೈಕ್‌ಔಟ್ (ಚೆಂಡು ಆಟಕ್ಕೇ ಸಿಗದೆ ಬ್ಯಾಟರ್ ಔಟ್), ವಾಕ್ (ನಾಲ್ಕು ಕೆಟ್ಟ ಚೆಂಡಿಗೆ ಬ್ಯಾಟರ್‌ಗೆ ಪುಕ್ಕಟೆ ಬೇಸ್), ಮೈಗೆ ಬಡಿದ ಚೆಂಡು, ಹೋಮ್ ರನ್ (ಸಿಕ್ಸರ್‌ನ ಹಾಗೆ ಗೋಡೆ ದಾಟಿದ ಏಟು) ಇಷ್ಟನ್ನೇ ಇಟ್ಟುಕೊಂಡು ಮಾಡಿದ ಲೆಕ್ಕ ಅದು, ಓದುವುದು ಇಆರ್‌ಎ ಓದಿದ ಹಾಗೇ. ಇಆರ್‌ಎ 2.90 ಇದ್ದು ಎಫ್‌ಐಪಿ 4.30 ಇದ್ದರೆ ನಾನು ಎರಡನೆಯದನ್ನು ನಂಬುತ್ತೇನೆ. ಇನ್ನೂ ಸುಲಭದ ದಾರಿ ಬೇಕೆಂದರೆ, ಎದುರಿಸಿದ ನೂರು ಬ್ಯಾಟರ್‌ಗಳಲ್ಲಿ ಎಷ್ಟು ಜನರನ್ನು ಸ್ಟ್ರೈಕ್‌ಔಟ್ ಮಾಡಿದ, ಅದರಿಂದ ಎಷ್ಟು ಜನರಿಗೆ ವಾಕ್ ಕೊಟ್ಟ ಅನ್ನುವುದನ್ನು ಕಳೆಯಿರಿ. 14ರ ಸುತ್ತಮುತ್ತ ಬಂದರೆ ಸಾಧಾರಣ, 20 ದಾಟಿದರೆ ಗಟ್ಟಿ ಆಸಾಮಿ.

ಇನ್ನೊಂದು ವಿಷಯ ನೋಡುತ್ತಾ ನೋಡುತ್ತಾ ತಿಳಿಯಿತು. ಅದೇ ಬ್ಯಾಟರ್‌ಗಳು ಮೂರನೇ ಸಲ ಎದುರಾದಾಗ ಎಂಥ ಸ್ಟಾರ್ಟರ್‌ಗೂ ಏಟು ಜಾಸ್ತಿ ಬೀಳುತ್ತದೆ. ಚೆಂಡು ಹೇಗೆ ತಿರುಗುತ್ತದೆ ಅಂತ ಅವರು ನೋಡಿಕೊಂಡಿರುತ್ತಾರೆ, ಇವನಿಗೆ ಸುಸ್ತೂ ಆಗಿರುತ್ತದೆ. ಹಾಗಾಗಿ ಮ್ಯಾನೇಜರ್‌ಗಳು ಈಗ ಐದನೇ ಆರನೇ ಇನ್ನಿಂಗ್ಸ್‌ಗೇ ಬದಲಾಯಿಸಿಬಿಡುತ್ತಾರೆ.

ಆಮೇಲೆ ಬರುವವರು

ಅಂದರೆ ಉಳಿದ ಮೂರು ನಾಲ್ಕು ಇನ್ನಿಂಗ್ಸ್ ಬೇರೆಯವರ ಕೈಯಲ್ಲಿ. ಇವರ ಗುಂಪಿಗೆ ಬುಲ್‌ಪೆನ್ ಅನ್ನುತ್ತಾರೆ. ಹೊಸಬರು ಇದನ್ನು ಮರೆಯುತ್ತಾರೆ, ಆಟ ಸೋಲುವುದು ಮಾತ್ರ ಎಷ್ಟೋ ಸಲ ಇಲ್ಲೇ. ನಾನು ನೋಡುವುದು ಇಷ್ಟೇ: ಕಳೆದ ಮೂರು ದಿನ ಯಾರು ಯಾರು ಎಷ್ಟು ಚೆಂಡು ಎಸೆದರು. ತಂಡದ ಅತ್ಯುತ್ತಮ ಕೊನೆಯ ಪಿಚರ್ ನಿನ್ನೆ, ಮೊನ್ನೆ ಎರಡೂ ದಿನ ಎಸೆದಿದ್ದರೆ ಇವತ್ತು ಅವನು ಬರುವುದು ಅಪರೂಪ. ನಿನ್ನೆ ಆಟ 12 ಇನ್ನಿಂಗ್ಸ್ ನಡೆದಿದ್ದರೆ ಇಡೀ ಗುಂಪೇ ಬಳಲಿರುತ್ತದೆ. ಈ ವಿವರ ನಿನ್ನೆಯ ಸ್ಕೋರ್‌ಕಾರ್ಡ್‌ನಲ್ಲೇ ಇರುತ್ತದೆ, ಐದು ನಿಮಿಷದ ಕೆಲಸ.

ಇಲ್ಲಿ ನನಗೆ ಆದ ಒಂದು ಪೆಟ್ಟು ಹೇಳಬೇಕು. ಎರಡು ವರ್ಷದ ಹಿಂದೆ ಒಂದು ತಂಡದ ಸ್ಟಾರ್ಟರ್ ಹೆಸರಿನ ಮುಂದೆ ಇಆರ್‌ಎ 2ಕ್ಕಿಂತ ಕಡಿಮೆ ಇತ್ತು. ಖುಷಿಯಿಂದ ನೂರಕ್ಕೆ 68 ಬರೆದೆ. ಅವನು ಒಂದೇ ಇನ್ನಿಂಗ್ಸ್ ಎಸೆದು ಹೋದ. ಅವನು ಸ್ಟಾರ್ಟರ್ ಆಗಿರಲಿಲ್ಲ, ಓಪನರ್ ಆಗಿದ್ದ. 2018ರಲ್ಲಿ ಟ್ಯಾಂಪಾ ಬೇ ರೇಸ್ ತಂಡ ಶುರು ಮಾಡಿದ ಉಪಾಯ ಇದು, ಬುಲ್‌ಪೆನ್‌ನ ಒಬ್ಬನಿಂದ ಮೊದಲ ಇನ್ನಿಂಗ್ಸ್ ಎಸೆಸಿ, ಆಮೇಲೆ ನಿಜವಾದ ಪಿಚರ್‌ನನ್ನು ತರುವುದು. ಆದ್ದರಿಂದ ಅವನು ಈ ವರ್ಷ ಒಂದೊಂದು ಆಟದಲ್ಲಿ ಎಷ್ಟು ಇನ್ನಿಂಗ್ಸ್ ಎಸೆದಿದ್ದಾನೆ ಅಂತ ತಪ್ಪದೆ ನೋಡಿ. ಒಂದು, ಎರಡು ಅಂತಿದ್ದರೆ ಎಚ್ಚರ. ಘೋಷಿಸಿದ ಪಿಚರ್ ಕೊನೆಯ ಗಳಿಗೆಯಲ್ಲಿ ಬದಲಾದರೆ ಬರೆದದ್ದು ರದ್ದು ಅನ್ನುವ ನಿಯಮವನ್ನೂ ನಾವು ಮಾಡಿಕೊಂಡಿದ್ದೇವೆ. ನೀವೂ ಮಾಡಿಕೊಳ್ಳಿ, ಜಗಳ ತಪ್ಪುತ್ತದೆ.

ತಂಡದ ನಿಜವಾದ ಬಲ

ಗೆಲುವಿನ ಪಟ್ಟಿಗಿಂತ ರನ್ ಲೆಕ್ಕ ಹೆಚ್ಚು ನಿಜ ಹೇಳುತ್ತದೆ. ಬಿಲ್ ಜೇಮ್ಸ್ ಅನ್ನುವವರು ಕೊಟ್ಟ ಒಂದು ಸರಳ ಸೂತ್ರ ಇದೆ. ತಂಡ ಹೊಡೆದ ರನ್‌ಗಳ ವರ್ಗವನ್ನು, ಹೊಡೆದ ರನ್‌ಗಳ ವರ್ಗ ಮತ್ತು ಬಿಟ್ಟ ರನ್‌ಗಳ ವರ್ಗ ಎರಡೂ ಕೂಡಿದ ಮೊತ್ತದಿಂದ ಭಾಗಿಸಿ. ಬರುವುದು ಆ ತಂಡ ಗೆಲ್ಲಬೇಕಾಗಿದ್ದ ಪಾಲು. 2016ರ ಟೆಕ್ಸಾಸ್ ರೇಂಜರ್ಸ್ ತಂಡವನ್ನು ನೋಡಿ. 95 ಆಟ ಗೆದ್ದಿತ್ತು. ಹೊಡೆದ ರನ್ 765, ಬಿಟ್ಟದ್ದು 757. ಸೂತ್ರದ ಪ್ರಕಾರ ಗೆಲ್ಲಬೇಕಾಗಿದ್ದು 82. ಒಂದೇ ರನ್ ಅಂತರದಲ್ಲಿ ಮುಗಿದ ಆಟಗಳಲ್ಲಿ 36 ಗೆದ್ದು 11 ಸೋತಿತ್ತು, ಅದೃಷ್ಟ ಬೆನ್ನಿಗಿತ್ತು. ಪ್ಲೇಆಫ್‌ನಲ್ಲಿ ಟೊರಾಂಟೊ ಎದುರು ಮೂರಕ್ಕೆ ಮೂರೂ ಸೋತಿತು, ಮುಂದಿನ ವರ್ಷ 78 ಗೆಲುವಿಗೆ ಇಳಿಯಿತು. ಕೂದಲೆಳೆ ಅಂತರದ ಗೆಲುವುಗಳನ್ನು ನೋಡಿ ‘ಈ ತಂಡಕ್ಕೆ ಗುಂಡಿಗೆ ಇದೆ’ ಅಂತ ಮೆಚ್ಚುವುದು ಸರಿ. ಅದನ್ನು ನಂಬಿ ಬಾಜಿ ಕಟ್ಟುವುದು ಬೇಡ.

ಇದೇ ಕಾರಣಕ್ಕೆ ಕಳೆದ ಹತ್ತು ಆಟದಲ್ಲಿ ಎಂಟು ಗೆದ್ದಿದ್ದಾರೆ ಅನ್ನುವುದಕ್ಕೆ ನಾನು ಬೆಲೆ ಕೊಡುವುದಿಲ್ಲ. ಈ ಬ್ಯಾಟರ್ ಈ ಪಿಚರ್‌ನ ಎದುರು ಒಂಬತ್ತರಲ್ಲಿ ಐದು ಹಿಟ್ ಹೊಡೆದಿದ್ದಾನೆ ಅನ್ನುವುದಕ್ಕೂ ಇಲ್ಲ. ಒಂಬತ್ತು ಸಲದಿಂದ ಏನೂ ಗೊತ್ತಾಗುವುದಿಲ್ಲ. ಎಡಗೈ, ಬಲಗೈ ಲೆಕ್ಕ ಮಾತ್ರ ನಿಜ. ಎಡಗೈ ಪಿಚರ್ ಎದುರು ಎಡಗೈ ಬ್ಯಾಟರ್‌ಗೆ ಕಷ್ಟ, ಬಲಗೈಯವನಿಗೆ ಸಲೀಸು. ಎದುರಾಳಿಯ ಸಾಲಿನಲ್ಲಿ ಎಡಗೈಯವರು ತುಂಬಿದ್ದು ಇವತ್ತು ಒಳ್ಳೆಯ ಎಡಗೈ ಪಿಚರ್ ಬರುತ್ತಿದ್ದರೆ ನಾನು ಒಂದೆರಡು ಅಂಕ ಸೇರಿಸುತ್ತೇನೆ.

ಬ್ಯಾಟಿಂಗ್ ಸಾಲು ಆಟಕ್ಕೆ ಎರಡರಿಂದ ನಾಲ್ಕು ಗಂಟೆ ಮುಂಚೆ ಹೊರಬೀಳುತ್ತದೆ, ಅಂದರೆ ನಮಗೆ ರಾತ್ರಿ ಹನ್ನೆರಡೂವರೆಯಿಂದ ಎರಡೂವರೆ. ರಾತ್ರಿ ಪಾಳಿಯ ಚಹಾದ ಹೊತ್ತು! ಮೊಬೈಲ್ ತೆಗೆದು ನೋಡಿ, ಮುಖ್ಯ ಬ್ಯಾಟರ್ ಇದ್ದಾನಾ, ಕ್ಯಾಚರ್ (ನಮ್ಮ ವಿಕೆಟ್ ಕೀಪರ್‌ನ ಹಾಗೆ) ಯಾರು ಅಂತ. ರಾತ್ರಿ ಆಟ ಮುಗಿಸಿ ಮರುದಿನ ಮಧ್ಯಾಹ್ನವೇ ಆಡಬೇಕಾದಾಗ ಮುಖ್ಯ ಕ್ಯಾಚರ್‌ಗೆ ಸಾಮಾನ್ಯವಾಗಿ ರಜೆ ಕೊಡುತ್ತಾರೆ.

ಮೈದಾನ, ಗಾಳಿ, ತವರು

ತವರಿನ ತಂಡ ನೂರಕ್ಕೆ 53, 54 ಗೆಲ್ಲುತ್ತದೆ. ಅಷ್ಟೇ. ಅದಕ್ಕಿಂತ ಜಾಸ್ತಿ ಸೇರಿಸಬೇಡಿ.

ಮೈದಾನಗಳು ಒಂದರ ಹಾಗೆ ಇನ್ನೊಂದಿಲ್ಲ. ಡೆನ್ವರ್‌ನ ಕೂರ್ಸ್ ಫೀಲ್ಡ್ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಚೆಂಡು ದೂರ ಹಾರುತ್ತದೆ, ತಿರುಗುವುದು ಕಡಿಮೆ. ಅಲ್ಲಿ ಎಸೆಯುವವನ ಇಆರ್‌ಎ ಕೆಟ್ಟದಾಗಿ ಕಂಡರೆ ಪೂರ್ತಿ ಅವನ ತಪ್ಪಲ್ಲ. ಬಾಸ್ಟನ್‌ನ ಫೆನ್‌ವೇಯಲ್ಲಿ ಎಡಗಡೆ 11 ಮೀಟರ್ ಎತ್ತರದ ಹಸಿರು ಗೋಡೆ. ಶಿಕಾಗೊದ ರಿಗ್ಲಿಯಲ್ಲಿ ಸರೋವರದ ಕಡೆಯಿಂದ ಗಾಳಿ ಒಳಗೆ ಬೀಸಿದರೆ ಹೋಮ್ ರನ್ ಆಗಬೇಕಾದ ಚೆಂಡು ಫೀಲ್ಡರ್ ಕೈಗೆ ಬೀಳುತ್ತದೆ, ಹೊರಗೆ ಬೀಸಿದರೆ ಸಾಧಾರಣ ಏಟೂ ಗೋಡೆ ದಾಟುತ್ತದೆ. ಆದರೆ ಗಾಳಿ, ಎತ್ತರ ಎರಡೂ ತಂಡಕ್ಕೆ ಒಂದೇ. ಒಟ್ಟು ರನ್ ಎಷ್ಟು ಅಂತ ಹೇಳಲು ಇವು ಬೇಕು, ಗೆಲ್ಲುವವರನ್ನು ಹೇಳಲು ಅಷ್ಟಾಗಿ ಬೇಡ. ಪಿಚರ್‌ನ ಅಂಕಿಯನ್ನು ಸರಿಯಾಗಿ ಓದಲು ಮಾತ್ರ ನೆನಪಿಟ್ಟುಕೊಳ್ಳಿ.

ಒಂದು ಆಟವನ್ನು ಪೂರ್ತಿ ಲೆಕ್ಕ ಹಾಕೋಣ

ಇದು ನಾನೇ ಮಾಡಿಕೊಂಡ ಉದಾಹರಣೆ. ನೂರು ಆಟ ಮುಗಿದಿವೆ ಅಂದುಕೊಳ್ಳಿ. ತವರಿನ ತಂಡ 460 ರನ್ ಹೊಡೆದು 440 ಬಿಟ್ಟಿದೆ. ಸೂತ್ರದ ಪ್ರಕಾರ ನೂರಕ್ಕೆ 52. ಪ್ರವಾಸಿ ತಂಡ 480 ಹೊಡೆದು 420 ಬಿಟ್ಟಿದೆ, ನೂರಕ್ಕೆ 57ರ ಹತ್ತಿರ. ಇವರಿಬ್ಬರೂ ಎದುರಾದರೆ? ಎರಡು ಸಾಧಾರಣ ತಂಡಗಳ ನಡುವೆ ಸುಮ್ನೆ ಅಂತರ ನೋಡಿದರೆ ಸಾಕು. ಅಂತರ ನಾಲ್ಕೂವರೆ, ಆದ್ದರಿಂದ ತವರಿನ ತಂಡಕ್ಕೆ 50ರಿಂದ ನಾಲ್ಕೂವರೆ ಕಡಿಮೆ, ಅಂದರೆ 45.5. ತವರಿನ ಲಾಭ ಮೂರೂವರೆ ಸೇರಿಸಿ. 49 ಆಯಿತು.

ಈಗ ಪಿಚರ್. ತವರಿನವನ ಎಫ್‌ಐಪಿ 3.2, ಪ್ರವಾಸಿ ತಂಡದವನದು 4.7. ಎರಡೂ ತಂಡದ ಸ್ಟಾರ್ಟರ್‌ಗಳ ಸರಾಸರಿ 4 ಅಂತ ಇಟ್ಟುಕೊಳ್ಳಿ. ಒಂಬತ್ತು ಇನ್ನಿಂಗ್ಸ್‌ಗೆ ಒಂದೂವರೆ ರನ್ ವ್ಯತ್ಯಾಸ. ಇವರು ಎಸೆಯುವುದು ಐದೂವರೆ ಇನ್ನಿಂಗ್ಸ್, ಹಾಗಾಗಿ ಇವತ್ತಿನ ವ್ಯತ್ಯಾಸ ಸುಮಾರು 0.9 ರನ್. ಬೇಸ್‌ಬಾಲ್ ಲೆಕ್ಕ ಬಲ್ಲವರು ಹಳೆಯ ಕಾಲದಿಂದ ಹೇಳುವ ಮಾತು, ಹತ್ತು ರನ್‌ಗೆ ಒಂದು ಗೆಲುವು. ಅಂದರೆ ಒಂದು ರನ್‌ಗೆ ನೂರಕ್ಕೆ ಹತ್ತು. 0.9 ರನ್‌ಗೆ ಒಂಬತ್ತು. 49ಕ್ಕೆ ಒಂಬತ್ತು ಸೇರಿಸಿದರೆ 58. ತವರಿನ ತಂಡದ ಕೊನೆಯ ಪಿಚರ್ ಎರಡು ದಿನ ಸತತ ಎಸೆದಿದ್ದಾನೆ, ಎರಡು ಕಳೆಯಿರಿ. ಕೊನೆಗೆ ಉಳಿದದ್ದು 56.

ನೋಡಿ, ತಂಡಗಳ ಬಲ ಮಾತ್ರ ನೋಡಿದವರು ಪ್ರವಾಸಿ ತಂಡದ ಹೆಸರು ಬರೆಯುತ್ತಿದ್ದರು. ಪಿಚರ್‌ನನ್ನು ನೋಡಿದ್ದರಿಂದ ಪುಟವೇ ಮಗುಚಿತು.

ಇನ್ನು ಅಮೆರಿಕದ ಬಾಜಿ ದರ. ಅಲ್ಲಿ ಹಲವು ರಾಜ್ಯಗಳಲ್ಲಿ ಕಾನೂನು ಒಪ್ಪಿದ ಬಾಜಿ ಕಂಪನಿಗಳಿವೆ, ಅವರ ದರ ಸುದ್ದಿಯಲ್ಲೇ ಬರುತ್ತದೆ. ನಾವು ಕಟ್ಟದಿದ್ದರೂ ಓದಲು ಕಲಿತರೆ ಬಹಳ ಉಪಯೋಗ, ಏಕೆಂದರೆ ಸಾವಿರಾರು ಜನರ ಲೆಕ್ಕ ಅದರಲ್ಲಿ ಅಡಗಿದೆ. ಮೇಲಿನ ಉದಾಹರಣೆಯ ತವರಿನ ತಂಡಕ್ಕೆ ಮೈನಸ್ 150 ಇದೆ ಅಂದುಕೊಳ್ಳಿ. ಅಂದರೆ 100 ಗೆಲ್ಲಲು 150 ಹಾಕಬೇಕು. 150ನ್ನು 250ರಿಂದ ಭಾಗಿಸಿ, ನೂರಕ್ಕೆ 60. ಎದುರು ತಂಡಕ್ಕೆ ಪ್ಲಸ್ 130 ಇದ್ದರೆ 100ನ್ನು 230ರಿಂದ ಭಾಗಿಸಿ, ನೂರಕ್ಕೆ 43.5. ಎರಡೂ ಕೂಡಿದರೆ 103.5. ನೂರರ ಮೇಲಿನ ಮೂರೂವರೆ ಕಂಪನಿಯ ಪಾಲು. ಅದನ್ನು ತೆಗೆಯಲು 60ನ್ನು 103.5ರಿಂದ ಭಾಗಿಸಿ, 58 ಬರುತ್ತದೆ. ಅದು ಮಾರುಕಟ್ಟೆಯ ನಿಜವಾದ ಅಭಿಪ್ರಾಯ.

ನಮ್ಮ ಲೆಕ್ಕ 56, ಮಾರುಕಟ್ಟೆ 58. ಗೆಲ್ಲುವವರು ಯಾರು ಅಂದರೆ ತವರಿನ ತಂಡ. ಬಾಜಿ ಕಟ್ಟಬೇಕಾ ಅಂದರೆ, ದುಡ್ಡಿನಿಂದ ಆಡುವವನೂ ಇಲ್ಲಿ ಕೈ ಕಟ್ಟಿ ಕೂರಬೇಕು. ನೂರಕ್ಕೆ 56 ಗೆಲ್ಲುವ ತಂಡಕ್ಕೆ 60ರ ಬೆಲೆ ಕೊಟ್ಟರೆ ತಿಂಗಳ ಕೊನೆಗೆ ನಷ್ಟವೇ. ಸರಿಯಾಗಿ ಊಹಿಸಿಯೂ ದುಡ್ಡು ಕಳೆಯುವುದು ಹೀಗೆ. ನಿಮ್ಮ ಲೆಕ್ಕ ಮಾರುಕಟ್ಟೆಗಿಂತ ಹತ್ತು ಹದಿನೈದು ಅಂಕ ದೂರ ಬಂತೋ, ಮೊದಲು ನೀವೇ ಏನನ್ನೋ ನೋಡಿಲ್ಲ ಅಂದುಕೊಳ್ಳಿ. ಹೆಚ್ಚಿನ ಸಲ ಯಾರೋ ಗಾಯಗೊಂಡಿರುತ್ತಾರೆ, ಇಲ್ಲವೇ ಪಿಚರ್ ಬದಲಾಗಿರುತ್ತಾನೆ.

ಬರೆದಿಡುವ ಪುಸ್ತಕ

ನಮ್ಮ ಗುಂಪಿನಲ್ಲಿ ಬರೀ ಗೆದ್ದ ಸೋತ ಲೆಕ್ಕ ಇಡುವುದಿಲ್ಲ. ಮೊದಲ ಚೆಂಡಿಗೆ ಮುಂಚೆ ಎಲ್ಲರೂ ವಾಟ್ಸಾಪ್‌ನಲ್ಲಿ ತಮ್ಮ ಸಂಖ್ಯೆ ಹಾಕಬೇಕು. ಹವಾಮಾನ ಹೇಳುವವರು ಬಳಸುವ ಅಂಕದ ಪದ್ಧತಿ ನಮ್ಮದು. ನೀವು 0.58 ಅಂತ ಹೇಳಿದ ತಂಡ ಗೆದ್ದರೆ 1ರಿಂದ 0.58 ಕಳೆದು ವರ್ಗ ಮಾಡಿ, 0.18. ಸೋತರೆ 0.58ರ ವರ್ಗ, 0.34. ಕಡಿಮೆ ಇದ್ದಷ್ಟೂ ಒಳ್ಳೆಯದು. ಯಾವಾಗಲೂ 50 ಅಂತ ಬರೆಯುವವನಿಗೆ ಪ್ರತಿ ಸಲ 0.25.

ಈಗ ನಮ್ಮ ಭಾವನ ಲೆಕ್ಕಕ್ಕೆ ಬರೋಣ. 2024ರಲ್ಲಿ ಯಾಂಕೀಸ್ 94 ಗೆದ್ದು 68 ಸೋತಿತು, ನೂರಕ್ಕೆ 58. ವಿಶ್ವ ಸರಣಿಯ, ಅಂದರೆ ಲೀಗ್‌ನ ಫೈನಲ್‌ನ ತನಕ ಹೋದ ತಂಡ. ಭಾವ ನೂರರಲ್ಲಿ 58 ಸಲ ಸರಿ. ಆದರೆ ಪ್ರತಿ ಸಲ 0.80 ಬರೆದಿದ್ದರಿಂದ ಗೆದ್ದಾಗ 0.04, ಸೋತಾಗ 0.64. ಸರಾಸರಿ 0.29. ಏನೂ ನೋಡದೆ 50 ಬರೆಯುವವನಿಗಿಂತ ಕೆಟ್ಟದ್ದು! ಒಳ್ಳೆಯ ತಂಡವನ್ನೇ ಹಿಡಿದು, ಹೆಚ್ಚು ಸಲ ಸರಿಯಾಗಿ ಹೇಳಿಯೂ ಅವರು ಆರು ತಿಂಗಳಲ್ಲಿ ನಾಲ್ಕು ಸಲ ಬಿಲ್ಲು ಕೊಟ್ಟರು. ಈಗ ಅವರೂ ಮೊದಲು ಪಿಚರ್‌ನ ಹೆಸರು ಕೇಳುತ್ತಾರೆ, 65ರ ಮೇಲೆ ಬರೆಯುವುದನ್ನು ಬಿಟ್ಟಿದ್ದಾರೆ. ಕಳೆದ ಸೀಸನ್‌ನಲ್ಲಿ ಅವರ ಸರಾಸರಿ 0.24. ಟೋಪಿ ಹಾಗೇ ಇದೆ.

ಎಷ್ಟು ಆಟ ಬರೆಯಬೇಕು ಅಂತ ಕೇಳುತ್ತಾರೆ. ದಿನಕ್ಕೆ ಒಂದು ಸಾಕು, ಎರಡಕ್ಕಿಂತ ಜಾಸ್ತಿ ಬೇಡ. ಒಂದು ದಿನ ಹದಿನೈದು ಆಟ ಇರುತ್ತವೆ, ಎಲ್ಲದರ ಬುಲ್‌ಪೆನ್ ನೋಡಲು ಯಾರಿಗೂ ಸಮಯ ಇಲ್ಲ. ಏಪ್ರಿಲ್‌ನಲ್ಲಿ ಸೀಸನ್ ಹೊಸದು, ಅಂಕಿಗಳು ಕಡಿಮೆ, ಆಗ ಹಿಂದಿನ ವರ್ಷದ ಅಂಕಿಗಳನ್ನೇ ನೋಡಿ. ಜೂನ್ ಹೊತ್ತಿಗೆ ಈ ವರ್ಷದ ಅಂಕಿಗಳನ್ನು ನಂಬಬಹುದು.

ಅಕ್ಟೋಬರ್‌ನ ಪ್ಲೇಆಫ್‌ನಲ್ಲಿ ಇಷ್ಟೂ ಲೆಕ್ಕವನ್ನು ಸ್ವಲ್ಪ ಬದಲಾಯಿಸಬೇಕು. ನಡುನಡುವೆ ರಜಾ ದಿನ ಇರುವುದರಿಂದ ದುರ್ಬಲ ಸ್ಟಾರ್ಟರ್‌ಗಳು ಮಾಯವಾಗುತ್ತಾರೆ, ಒಳ್ಳೆಯವರು ಮತ್ತೆ ಮತ್ತೆ ಬರುತ್ತಾರೆ. ಸರದಿಯ ನಿಯಮ ಮುರಿಯುತ್ತದೆ. 2025ರ ವಿಶ್ವ ಸರಣಿಯ ಆರನೇ ಆಟದಲ್ಲಿ ಡಾಜರ್ಸ್‌ನ ಯೋಶಿನೊಬು ಯಮಾಮೊಟೊ 96 ಚೆಂಡು ಎಸೆದಿದ್ದ. ಮರುದಿನ ಏಳನೇ ಆಟದಲ್ಲಿ, ಯಾರೂ ನಿರೀಕ್ಷಿಸದೆ ಇದ್ದಾಗ, ಮತ್ತೆ ಬಂದು ಕೊನೆಯ ತನಕ ಎಸೆದ. ಡಾಜರ್ಸ್ ಟೊರಾಂಟೊವನ್ನು ಅದರ ತವರಿನಲ್ಲೇ 11 ಇನ್ನಿಂಗ್ಸ್‌ನಲ್ಲಿ 5-4ರಿಂದ ಸೋಲಿಸಿತು. ಆ ಭಾನುವಾರ ಬೆಳಗ್ಗೆ ನಾವು ಐದೂ ಜನ ಒಂದೇ ಮನೆಯಲ್ಲಿ ಕೂತಿದ್ದೆವು, ಪಕ್ಕದ ಮನೆಯವರು ಬಾಗಿಲು ತಟ್ಟಿ ಏನಾಯಿತು ಅಂತ ಕೇಳಿದರು. ಅಂಥ ಆಟದಲ್ಲಿ ನಾನು ಬುಲ್‌ಪೆನ್ ದಣಿವಿಗೆ ಅಂಕ ಕಳೆಯುವುದಿಲ್ಲ.

ಬೆಳಗಿನ ಜಾವ ಏಳಲು ಆಗದವರು ಜಪಾನ್‌ನ ಲೀಗ್ ನೋಡಿ. ಅಲ್ಲಿ ಸಂಜೆ 6ಕ್ಕೆ ಶುರುವಾದರೆ ನಮಗೆ ಮಧ್ಯಾಹ್ನ 2.30. ಬರೀ 12 ತಂಡ, ಕಲಿಯುವುದು ಸುಲಭ. ಅವರ ಸ್ಟಾರ್ಟರ್‌ಗಳು ವಾರಕ್ಕೆ ಒಂದೇ ಸಲ ಎಸೆಯುತ್ತಾರೆ, ಯಾರು ಎಸೆಯುತ್ತಾರೆ ಅಂತ ಹಿಂದಿನ ದಿನವೇ ಹೇಳಿಬಿಡುತ್ತಾರೆ. ಒಂದು ವ್ಯತ್ಯಾಸ ಮಾತ್ರ ಗಮನದಲ್ಲಿರಲಿ. 12 ಇನ್ನಿಂಗ್ಸ್ ಮುಗಿದರೂ ಸಮ ಇದ್ದರೆ ಅಲ್ಲಿ ಆಟ ಡ್ರಾ. ನಿಮ್ಮ ಪುಸ್ತಕದಲ್ಲಿ ಅದಕ್ಕೆ ಇನ್ನೊಂದು ಕಾಲಂ ಹಾಕಿಕೊಳ್ಳಿ, ಇಲ್ಲವೇ ಡ್ರಾ ಆದರೆ ಆ ದಿನದ ಲೆಕ್ಕ ಇಲ್ಲ ಅಂತ ಶುರುವಿನಲ್ಲೇ ಎಲ್ಲರೂ ಒಪ್ಪಿಕೊಳ್ಳಿ.